ಬೆಟ್ಟದ ಮೇಲಿನ ಕಪ್ಪು ಗೆರೆ
ಕಾಡಿನ ಬೆಂಕಿ, ಅರಣ್ಯ ಸಿಬ್ಬಂದಿಯ ಕೆಲಸ ಮತ್ತು ನಮ್ಮ ರಾಸುಗಳ ಮೇವು



ಸಂಕ್ರಾಂತಿಯ ಸಂಜೆ ದನಗಳನ್ನು ಕಿಚ್ಚು ಹಾಯಿಸಿ ಒಂದೆರಡು ವಾರ ಕಳೆದಿರುತ್ತದೆ. ರಾಗಿ ಒಕ್ಕಣೆ ಮುಗಿದು ಹುಲ್ಲು ಮೆದೆ ಸೇರಿರುತ್ತದೆ. ಆ ದಿನಗಳಲ್ಲಿ ಕೋಡಿಹಳ್ಳಿ ಸುತ್ತಿನ ಯಾವುದಾದರೂ ಕಾಡಂಚಿನ ಊರಿನಲ್ಲಿ ಸಂಘಕ್ಕೆ ಬೆಳಗಿನ ಹಾಲು ಹಾಕಿ ಹೊರಗೆ ಬಂದು ಬೆಟ್ಟದ ಕಡೆ ನೋಡಿರಿ. ಇಳಿಜಾರಿನಲ್ಲಿ ಯಾರೋ ಇದ್ದಿಲಿನಿಂದ ಎಳೆದ ಹಾಗೆ ಒಂದು ಕಪ್ಪು ಗೆರೆ ಕಂಡರೂ ಕಾಣಬಹುದು. ಅದನ್ನು ಕಂಡವರು ಆಡುವ ಮಾತು ಸಾಮಾನ್ಯವಾಗಿ ಒಂದೇ: "ಫಾರೆಸ್ಟ್‌ನೋರು ಹಚ್ಚಿದರೆ ಕೆಲಸ, ನಾವು ಹಚ್ಚಿದರೆ ಕೇಸು."

ಈ ಮಾತಿನಲ್ಲಿ ತಮಾಷೆಯೂ ಇದೆ, ಸ್ವಲ್ಪ ನೋವೂ ಇದೆ. ಇದಕ್ಕೆ ಬರೀ "ಕಾನೂನು ಹಾಗಿದೆ" ಎಂದು ಉತ್ತರ ಕೊಟ್ಟರೆ ಯಾರಿಗೂ ಸಮಾಧಾನವಾಗದು. ಜನವರಿಯಲ್ಲಿ ಅರಣ್ಯ ಸಿಬ್ಬಂದಿ ಹಚ್ಚುವ ಬೆಂಕಿಗೂ ಮಾರ್ಚಿಯಲ್ಲಿ ದನ ಮೇಯಿಸುವವರು ಹಚ್ಚುವ ಬೆಂಕಿಗೂ ಏನು ವ್ಯತ್ಯಾಸ, ಎರಡರಿಂದಲೂ ನಮ್ಮ ಕೊಟ್ಟಿಗೆಗೆ ಆಗುವುದೇನು ಎಂಬುದೇ ಈ ಸಂಚಿಕೆಯ ಪಾಠ.

ನಮ್ಮ ಮಗ್ಗುಲಿನ ಕಾಡು

ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಹೋಬಳಿ ಎರಡು ದೊಡ್ಡ ಕಾಡುಗಳ ನೆರೆಯಲ್ಲಿದೆ. ಒಂದು, 1974ರಲ್ಲಿ ರಾಷ್ಟ್ರೀಯ ಉದ್ಯಾನವಾದ ಬನ್ನೇರುಘಟ್ಟ. ಅದರ ವನ್ಯಜೀವಿ ವಲಯಗಳಲ್ಲಿ ಒಂದಕ್ಕೆ ಕೋಡಿಹಳ್ಳಿ ವಲಯ ಎಂದೇ ಹೆಸರು. ಬೆಂಗಳೂರಿನವರಿಗೆ ಬನ್ನೇರುಘಟ್ಟ ಎಂದರೆ ಹುಲಿ-ಸಿಂಹ ನೋಡುವ ಸಫಾರಿ, ಅಷ್ಟೆ. ಆ ಕಾಡಿನ ಬಾಲ ನಮ್ಮ ಹೊಲದ ಬದುವಿನವರೆಗೆ ಚಾಚಿರುವುದು ಅವರಲ್ಲಿ ಬಹಳ ಮಂದಿಗೆ ತಿಳಿಯದು. ಇನ್ನೊಂದು, 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಧಾಮ. ಅರ್ಕಾವತಿ ಬಂದು ಕಾವೇರಿಗೆ ಸೇರುವ ಸಂಗಮ ಇರುವುದು ಈ ಕಾಡಿನಲ್ಲಿ. ಆನೆಗಳು ಎರಡೂ ಕಾಡುಗಳ ನಡುವೆ ಓಡಾಡುತ್ತವೆ. ಅವು ನಡುವೆ ನಮ್ಮ ರಾಗಿ ಹೊಲ ಹಾದುಹೋಗುವುದನ್ನು ನಿಮಗೆ ಹೇಳಬೇಕಾಗಿಲ್ಲ.

ನಮ್ಮ ಸೀಮೆಯ ಹಟ್ಟಿಗಳಲ್ಲಿ ಎಷ್ಟೊಂದರ ಹೆಸರು "ದೊಡ್ಡಿ" ಎಂದು ಕೊನೆಯಾಗುತ್ತದೆ ನೋಡಿ. ದೊಡ್ಡಿ ಎಂದರೆ ದನ ಕೂಡುವ ಜಾಗ. ಹಿಂದಿನವರು ಕಾಡಂಚಿನಲ್ಲಿ ದನ ಕೂಡಿ, ಆಮೇಲೆ ಅಲ್ಲಿಯೇ ಮನೆ ಕಟ್ಟಿಕೊಂಡರು. ಕಾಡಿಗೂ ದನಕ್ಕೂ ಇರುವ ಈ ಹಳೆಯ ನಂಟನ್ನು ಮರೆತು ಬೆಂಕಿಯ ಮಾತಾಡುವುದು ಸರಿಯಲ್ಲ.

ಇದು ಎಲೆ ಉದುರುವ ಒಣ ಕಾಡು. ದಿಂಡಿಗ, ಕಮರ, ತುಗ್ಗಲಿ, ಜಾಲಿ, ಬಿದಿರು ಹೆಚ್ಚು. ಮಳೆಗಾಲದಲ್ಲಿ ಎದೆಯುದ್ದ ಬೆಳೆದ ಹುಲ್ಲು ಡಿಸೆಂಬರಿಗೆ ಒಣಗಲು ತೊಡಗುತ್ತದೆ. ಫೆಬ್ರವರಿಗೆ ಎಲೆಯೂ ಉದುರಿ ನೆಲದ ಮೇಲೆ ತರಗಿನ ಹಾಸಿಗೆಯಾಗುತ್ತದೆ. ಆ ಮೇಲೆ ಮೊದಲ ಹದ ಮಳೆ ಬೀಳುವವರೆಗೆ ಕಾಡು ಎಂದರೆ ಒಂದು ದೊಡ್ಡ ಬಣವೆ ಎಂದೇ ತಿಳಿಯಿರಿ.

ಗಾರ್ಡು, ಫಾರೆಸ್ಟರು ಮಾಡುವುದೇನು?

ಕಾಡನ್ನು ವಿಭಾಗ, ವಲಯ, ಶಾಖೆ, ಗಸ್ತು ಎಂದು ಹಂಚಿದ್ದಾರೆ. ನಾವು ಗಾರ್ಡು ಎನ್ನುವವರು ಗಸ್ತು ಅರಣ್ಯ ಪಾಲಕರು. ಒಂದು ಗಸ್ತು ಅವರ ಹೊಣೆ. ಫಾರೆಸ್ಟರು ಎನ್ನುವವರು ಈಗ ಉಪ ವಲಯ ಅರಣ್ಯಾಧಿಕಾರಿ. ಕೆಲವು ಗಸ್ತು ಸೇರಿದ ಒಂದು ಶಾಖೆ ಅವರದು. ರೇಂಜರು ಎಂದರೆ ವಲಯ ಅರಣ್ಯಾಧಿಕಾರಿ. ಇವರಲ್ಲದೆ ಬೇಸಿಗೆಯ ತಿಂಗಳುಗಳಿಗೆ ಮಾತ್ರ ದಿನಗೂಲಿಯ ಮೇಲೆ ತೆಗೆದುಕೊಳ್ಳುವ ಬೆಂಕಿ ಕಾವಲುಗಾರರು ಇರುತ್ತಾರೆ. ಇವರು ಬಹುಪಾಲು ಕಾಡಂಚಿನ ಹಳ್ಳಿಯವರೇ.

ಬೆಂಕಿಯ ಕೆಲಸ ಬೆಂಕಿ ಬಿದ್ದಾಗ ಶುರುವಾಗುವುದಿಲ್ಲ. ಮಳೆ ನಿಂತ ಕೂಡಲೇ ಫಾರೆಸ್ಟರು ನಕ್ಷೆ ಹಿಡಿದು ಕೂರುತ್ತಾರೆ. ಹಿಂದಿನ ವರ್ಷಗಳಲ್ಲಿ ಎಲ್ಲೆಲ್ಲಿ ಬೆಂಕಿ ಬಿತ್ತು, ಜನ ಓಡಾಡುವ ದಾರಿ ಯಾವುದು, ಕಾಡಿಗೆ ತಗುಲಿದ ಹೊಲ ಯಾವುದು, ನೀರು ಎಲ್ಲಿದೆ ಎಂದು ಗುರುತು ಹಾಕುತ್ತಾರೆ. ಅದಾದ ಮೇಲೆ ಬೆಂಕಿ ರೇಖೆಯ ಕೆಲಸ. ಕಾಡಿನ ಗಡಿ, ರಸ್ತೆಯ ಬದಿ, ಬೆಟ್ಟದ ನೆತ್ತಿ ಹಿಡಿದು ಒಂದು ಪಟ್ಟೆಯಷ್ಟು ನೆಲದ ಹುಲ್ಲು, ಲಂಟಾನ, ಪೊದೆ ಸವರಿ ಹಾಕುತ್ತಾರೆ. ಪಟ್ಟೆಯ ಅಗಲ ಜಾಗಕ್ಕೆ ತಕ್ಕ ಹಾಗೆ: ಒಳಗಿನ ದಾರಿಗಳಲ್ಲಿ ಕೆಲವೇ ಮೀಟರು, ಗಡಿಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಸವರಿದ್ದು ಒಣಗಲು ಬಿಟ್ಟು, ಡಿಸೆಂಬರ್-ಜನವರಿಯಲ್ಲಿ ಅದನ್ನು ಮಾತ್ರ ಸುಡುತ್ತಾರೆ. ನೀವು ಬೆಟ್ಟದ ಮೇಲೆ ಕಾಣುವ ಕಪ್ಪು ಗೆರೆ ಇದೇ.

ಇದರ ಗುಟ್ಟು ಹೊತ್ತಿನಲ್ಲಿದೆ. ಜನವರಿಯ ಬೆಳಗಿನಲ್ಲಿ ಇಬ್ಬನಿ ಇರುತ್ತದೆ. ಸವರಿದ ಹುಲ್ಲು ಒಣಗಿದ್ದರೂ ಪಕ್ಕದ ಹುಲ್ಲಿನ ಬುಡದಲ್ಲಿ ಇನ್ನೂ ಹಸಿ ಇರುತ್ತದೆ. ಗಾಳಿ ಇಲ್ಲದ ಹೊತ್ತು ನೋಡಿ, ಇಳಿಜಾರಿನ ಮೇಲಿನ ತುದಿಯಿಂದ ಹಚ್ಚುತ್ತಾರೆ. ಬೆಂಕಿಗೆ ಕೆಳಮುಖವಾಗಿ ಇಳಿಯುವುದು ಕಷ್ಟ, ನಿಧಾನವಾಗಿ ತೆವಳುತ್ತದೆ. ಎರಡೂ ಕಡೆ ಹಸಿ ಸೊಪ್ಪಿನ ಕೊಂಬೆ ಹಿಡಿದು ಆಳುಗಳು ನಿಂತಿರುತ್ತಾರೆ. ಕೊನೆಗೆ ಹೊಗೆಯಾಡುವ ಕೊರಡುಗಳನ್ನು ಗೆರೆಯ ನಡುವಿಗೆ ಎಳೆದು, ಮಣ್ಣು ಹಾಕಿ, ಕೈಯಿಟ್ಟು ಬಿಸಿ ನೋಡಿ ಆಮೇಲೆ ಮುಂದಿನ ಜಾಗಕ್ಕೆ ಹೋಗುತ್ತಾರೆ.

ಬೆಂಕಿಗೆ ಬೇಕಾದದ್ದು ಮೂರು: ಉರಿಯುವ ವಸ್ತು, ಗಾಳಿ, ಕಾವು. ಒಲೆಯಿಂದ ಸೌದೆ ಹಿಂದಕ್ಕೆ ಎಳೆದರೆ ಉರಿ ತಗ್ಗುವುದನ್ನು ಮನೆಯ ಹೆಂಗಸರು ದಿನಾ ನೋಡಿದ್ದಾರೆ. ಬೆಂಕಿ ರೇಖೆಯೂ ಅಷ್ಟೆ. ಮಾರ್ಚಿಯಲ್ಲಿ ಎಲ್ಲಿಂದಲೋ ಉರಿ ಬಂದಾಗ ಆ ಪಟ್ಟೆಯಲ್ಲಿ ತಿನ್ನಲು ಏನೂ ಸಿಗದೆ ನಿಲ್ಲುತ್ತದೆ. ನಿಲ್ಲದಿದ್ದರೂ ನಂದಿಸುವವರಿಗೆ ಕಾಲೂರಲು ಜಾಗ ಸಿಗುತ್ತದೆ. ಗಾಳಿ ಜೋರಾಗಿದ್ದರೆ ಕಿಡಿ ಗೆರೆಯನ್ನೂ ಹಾರಿ ಆಚೆ ಬೀಳುವುದುಂಟು. ಅದಕ್ಕೇ ಕಾವಲುಗಾರರು ಬೇಕು.

ಬೆಂಕಿ ಬಿದ್ದ ದಿನ

ನಮ್ಮ ಕಡೆ ಕಾಡಿಗೆ ತಾನಾಗಿ ಬೆಂಕಿ ಬೀಳುವುದು ಬಹಳ ಅಪರೂಪ. ಬಿದಿರು ಬಿದಿರು ಉಜ್ಜಿ ಹತ್ತಿಕೊಂಡಿತು ಎನ್ನುವುದು ಅಜ್ಜಿ ಕಥೆಗೆ ಚೆಂದ. ಸಿಡಿಲು ಬರುವುದು ಮಳೆಯ ಮೋಡದ ಜೊತೆಗೆ. ಉಳಿದದ್ದೆಲ್ಲ ಮನುಷ್ಯರ ಕೈಯದೇ: ಆರಿಸದೆ ಎಸೆದ ಬೀಡಿ, ಜೇನು ಕೀಳಲು ಹಿಡಿದ ಹೊಗೆ, ಉದುರಿದ ಜಿಂಕೆ ಕೊಂಬು ಕಾಣಲೆಂದು ಸುಟ್ಟ ಹುಲ್ಲು, ಬದು ಸುಡಲು ಹೋಗಿ ಕೈಮೀರಿದ ಉರಿ, ಹೊಳೆಯ ದಡದಲ್ಲಿ ಅಡುಗೆ ಮಾಡಿ ಹಾಗೆಯೇ ಬಿಟ್ಟ ಮೂರು ಕಲ್ಲಿನ ಒಲೆ. ಗಾರ್ಡಿನ ಮೇಲಿನ ಸಿಟ್ಟಿಗೆ ಕಡ್ಡಿ ಗೀರಿದ್ದೂ ಉಂಟು. ಹೊಸ ಹುಲ್ಲಿಗೆಂದು ಹಚ್ಚಿದ್ದೂ ಉಂಟು. ಈ ಕೊನೆಯದಕ್ಕೆ ಆಮೇಲೆ ಬರೋಣ.

ಈಗ ಉಪಗ್ರಹದಿಂದ ಬೆಂಕಿ ಪತ್ತೆಯಾಗುತ್ತದೆ. ಡೆಹ್ರಾಡೂನಿನಲ್ಲಿರುವ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 2004ರಿಂದ ರಾಜ್ಯಗಳಿಗೆ ಇಂಥ ಎಚ್ಚರಿಕೆ ಕಳಿಸುತ್ತಿದೆ. ಸಂದೇಶ ಸಿಬ್ಬಂದಿಯ ಮೊಬೈಲಿಗೇ ಬರುತ್ತದೆ. ಆದರೆ ಉಪಗ್ರಹ ನಮ್ಮ ನೆತ್ತಿಯ ಮೇಲೆ ಕಾದು ನಿಂತಿರುವುದಿಲ್ಲ, ದಿನಕ್ಕೆ ಕೆಲವೇ ಸಲ ಹಾದುಹೋಗುತ್ತದೆ. ಅದು ಹಾದುಹೋದ ಮೇಲೆ ಹತ್ತಿದ ಬೆಂಕಿ ಮುಂದಿನ ಸರದಿಯವರೆಗೆ ಅದಕ್ಕೆ ಕಾಣದು. ಕಂಡರೂ ನೂರಾರು ಮೀಟರು ಅಗಲದ ಒಂದು ಚೌಕವನ್ನು ತೋರಿಸುತ್ತದೆಯೇ ಹೊರತು ಇಂಥ ಹಳ್ಳದ ಇಂಥ ದಂಡೆ ಎಂದು ಹೇಳದು. ಹಳ್ಳದ ಹೆಸರು ಹೇಳಿ ಫೋನು ಮಾಡಬಲ್ಲವರು ದನ, ಕುರಿ, ಮೇಕೆ ಮೇಯಿಸುವವರು. ಈ ವಿಷಯದಲ್ಲಿ ನಮ್ಮ ಸದಸ್ಯರ ಮನೆಯ ಹುಡುಗ ಉಪಗ್ರಹಕ್ಕಿಂತ ಮುಂದೆ.

ಸುದ್ದಿ ಬಂದ ಮೇಲೆ ಜೀಪು ಹೋಗುವವರೆಗೆ ಜೀಪು, ಆಮೇಲೆ ಕಾಲ್ನಡಿಗೆ. ನಮ್ಮ ಬೆಟ್ಟಗಳಿಗೆ ನೀರಿನ ಟ್ಯಾಂಕರು ಏರುವುದಿಲ್ಲ. ಹಸಿ ಕೊಂಬೆಯಿಂದ ಬಡಿದೇ ಆರಿಸಬೇಕು. ತರಗನ್ನು ಊದಿ ಗೆರೆ ಮಾಡುವ ಯಂತ್ರಗಳು ಈಚೆಗೆ ಬಂದಿವೆ. ಕೊಂಬೆಯನ್ನು ಎತ್ತಿ ಎತ್ತಿ ಬಾರಿಸಿದರೆ ಕಿಡಿ ಹಾರುತ್ತದೆ, ಒತ್ತಿ ಹಿಡಿದು ಉಸಿರು ಕಟ್ಟಿಸಬೇಕು. ಉರಿಯ ಎದುರಿಗೆ ನಿಲ್ಲದೆ ಪಕ್ಕೆಯಿಂದ ಹಿಂಡುತ್ತ ಬರಬೇಕು. ಉರಿ ದೊಡ್ಡದಾದರೆ ಮುಂದೆ ಒಂದು ದಾರಿಯನ್ನೋ ಹಳ್ಳವನ್ನೋ ಹಿಡಿದು ಅಲ್ಲಿಂದ ಎದುರು ಬೆಂಕಿ ಕೊಡುತ್ತಾರೆ. ಎರಡು ಉರಿ ಸೇರಿದ ಕಡೆ ತಿನ್ನಲು ಏನೂ ಉಳಿಯದೆ ಸಾಯುತ್ತವೆ. ಇದು ಕಸುಬು ಬಲ್ಲವರ ಕೆಲಸ, ಉತ್ಸಾಹದಿಂದ ನಾವು ಕೈಹಾಕತಕ್ಕದ್ದಲ್ಲ.

ಬೆಂಕಿ ಬೆಟ್ಟ ಹತ್ತುವುದು ಬಹಳ ಬೇಗ. ಹತ್ತು ಡಿಗ್ರಿ ಏರು ಹೆಚ್ಚಿದರೆ ವೇಗ ಸುಮಾರು ಎರಡರಷ್ಟಾಗುತ್ತದೆ ಎಂಬುದು ಬೆಂಕಿ ಆರಿಸುವವರ ಲೆಕ್ಕ. ಮೇಲಿನ ಹುಲ್ಲಿಗೆ ಉರಿ ತಾಗುವ ಮೊದಲೇ ಅದರ ಕಾವು ತಾಗಿ ಒಣಗಿಸಿಬಿಡುತ್ತದೆ. ನೀವು ದನಗಳ ಜೊತೆ ಇದ್ದಾಗ ಕೆಳಗಿನಿಂದ ಬೆಂಕಿ ಬಂದರೆ ನೆತ್ತಿಯ ಕಡೆ ಓಡಬೇಡಿ. ಅಡ್ಡಡ್ಡಲಾಗಿ ಸರಿದು ಬರಿ ಬಂಡೆ, ಮರಳಿನ ಹಳ್ಳ, ಇಲ್ಲವೇ ಆಗಲೇ ಸುಟ್ಟು ಕಪ್ಪಾದ ನೆಲ ಸೇರಿರಿ. ಸುಟ್ಟ ನೆಲಕ್ಕಿಂತ ಕ್ಷೇಮವಾದ ಜಾಗ ಆಗ ಇನ್ನೊಂದಿಲ್ಲ. ದನ ತಾವಾಗಿ ಓಡಿ ಹೋದರೆ ಹೋಗಲಿ, ಹಿಂದೆ ಬೀಳಬೇಡಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಯುವ ಅರಣ್ಯ ರಕ್ಷಕರೊಬ್ಬರು ಉರಿಯ ನಡುವೆ ಸಿಕ್ಕಿ ತೀರಿಕೊಂಡರು. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಇನ್ನೊಬ್ಬರು ಸುಟ್ಟ ಗಾಯಗಳಿಂದ ಜೀವ ಬಿಟ್ಟರು. ಇಬ್ಬರೂ ಕಾಡಿನ ಕೆಲಸ ಬಲ್ಲವರು. 2019ರ ಫೆಬ್ರವರಿ ಕೊನೆಯಲ್ಲಿ ಬಂಡೀಪುರ ಮತ್ತೆ ಹತ್ತಿ ಉರಿದಾಗ ಸಾವಿರಾರು ಎಕರೆ ಸುಟ್ಟುಹೋಯಿತು. ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿಯಬೇಕಾಯಿತು. ಸಿಬ್ಬಂದಿಯ ಜೊತೆ ಊರೂರಿನ ಜನ ಸೊಪ್ಪಿನ ಕೊಂಬೆ ಹಿಡಿದು ಹೋಗಿದ್ದರು.

"ಸುಟ್ಟರೆ ಹುಲ್ಲು ಚಿಗುರುತ್ತದೆ" ಎನ್ನುವ ಮಾತು

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಮಾತು ಪೂರ್ತಿ ಸುಳ್ಳೆಂದು ಹೇಳಿದರೆ ನೀವು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಬೂದಿಯ ಸತ್ವ ಸಿಕ್ಕಿ, ನೆಲದಲ್ಲಿ ತೇವ ಇದ್ದರೆ ಎಳೆ ಹುಲ್ಲು ಬರುವುದು ನಿಜ, ದನ ಅದನ್ನು ಇಷ್ಟಪಟ್ಟು ತಿನ್ನುವುದೂ ನಿಜ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ "ತರಗು ಬೆಂಕಿ" ಎಂದು ಬೇಸಿಗೆಯ ಮೊದಲಲ್ಲೇ, ತರಗು ಹೆಚ್ಚು ಕೂಡುವ ಮುನ್ನ, ಸಣ್ಣ ಉರಿ ಕೊಡುತ್ತಿದ್ದರು. ಅದು ನಿಂತ ಮೇಲೆ ಲಂಟಾನ ಹೆಚ್ಚಿತು ಎಂಬುದು ಅವರ ದೂರು, ವಿಜ್ಞಾನಿಗಳಲ್ಲಿಯೂ ಕೆಲವರು ಅದನ್ನು ಒಪ್ಪುತ್ತಾರೆ. ಹಾಗಾಗಿ ಬೆಂಕಿ ಎಂದರೆ ಎಂದೆಂದಿಗೂ ಪಾಪ ಎಂದು ಈ ಲೇಖಕ ಹೇಳುವುದಿಲ್ಲ.

ಆದರೆ ಆ ಕಾಡು ಬೇರೆ, ಈಗಿನ ಕಾಡು ಬೇರೆ. ಆಗ ಉರಿ ಮೊಣಕಾಲೆತ್ತರದ ತರಗಿನಲ್ಲಿ ತೆವಳಿ ಹೋಗುತ್ತಿತ್ತು. ಈಗ ಆಳೆತ್ತರದ ಲಂಟಾನ ಮರದ ಕೊಂಬೆಯನ್ನು ಮುಟ್ಟಿ ನಿಂತಿದೆ, ಬೆಂಕಿಗೆ ಏಣಿ ಹಾಕಿಕೊಟ್ಟ ಹಾಗೆ. ಮಾರ್ಚಿಯಲ್ಲಿ ಅಲ್ಲಿ ಕಡ್ಡಿ ಗೀರಿದರೆ ಅದು ತರಗು ಬೆಂಕಿಯಾಗಿ ಉಳಿಯದು. ಉರಿ ಹೋದ ಮೇಲೆ ಬರಿದಾದ ನೆಲದಲ್ಲಿ ಬುಡದಿಂದ ಮೊದಲು ಮೊಳೆತು ಜಾಗ ಹಿಡಿಯುವವುಗಳಲ್ಲಿ ಲಂಟಾನವೇ ಮುಂದು. ಲಂಟಾನ ತಿಂದ ರಾಸಿಗೆ ಏನಾಗುತ್ತದೆ ಎಂಬುದನ್ನು ಪಶುವೈದ್ಯರು ನಿಮಗೆ ಹೇಳಿರಬಹುದು: ಪಿತ್ತಕೋಶ, ಯಕೃತ್ತು ಕೆಟ್ಟು ಕಾಮಾಲೆಯಾಗುತ್ತದೆ, ಮೇವು ಬಿಡುತ್ತದೆ, ಬಿಸಿಲು ತಾಗಿದ ಕಡೆ ಮೂತಿ, ಕೆಚ್ಚಲಿನ ಚರ್ಮ ಸುಟ್ಟ ಹಾಗೆ ಏಳುತ್ತದೆ. ಮೇವು ಹೇರಳವಿದ್ದಾಗ ದನ ಅದನ್ನು ಮುಟ್ಟದು. ಹುಲ್ಲೆಲ್ಲ ಸುಟ್ಟುಹೋದಾಗಲೇ ಹಸಿವಿಗೆ ಬಾಯಿ ಹಾಕುವುದು.

ಇನ್ನು ಲೆಕ್ಕ ನೋಡೋಣ. ಫೆಬ್ರವರಿ-ಮಾರ್ಚಿಯಲ್ಲಿ ನಮ್ಮ ಬೆಟ್ಟದ ನೆಲದಲ್ಲಿ ತೇವ ಎಲ್ಲಿದೆ? ಸುಟ್ಟ ಮೇಲೆ ಮಳೆ ಬರದೆ ಚಿಗುರು ಬರದು, ಬಂದರೂ ಬೆರಳುದ್ದ. ಅಷ್ಟರವರೆಗೆ ಒಣಗಿದ್ದಾದರೂ ಇದ್ದ ಹುಲ್ಲು ಬೂದಿಯಾಗಿ, ಮೊದಲ ಬಿರುಮಳೆಗೆ ಆ ಬೂದಿಯೂ ಹಳ್ಳ ಸೇರಿ ಹರಿದುಹೋಗುತ್ತದೆ. ವರ್ಷ ವರ್ಷ ಸುಟ್ಟ ಜಾಗದಲ್ಲಿ ದನ ತಿನ್ನುವ ನಯವಾದ ಹುಲ್ಲು ಕಡಿಮೆಯಾಗಿ, ದನ ಮೂಸಿ ಬಿಡುವ ಒರಟು ಹುಲ್ಲು ಹೆಚ್ಚುತ್ತದೆ. ಒಂದು ಹಸುವಿಗೆ ದಿನಕ್ಕೆ 6 ಕೆ.ಜಿ. ಒಣಹುಲ್ಲು ಎಂದರೂ ಬೇಸಿಗೆಯ 120 ದಿನಕ್ಕೆ 720 ಕೆ.ಜಿ. ಬೇಕು. ಬೆರಳುದ್ದದ ಚಿಗುರಿನಿಂದ ಇದು ತುಂಬುವುದೇ? ಮಿಶ್ರತಳಿ ಹಸುವಂತೂ ಆ ಚಿಗುರು ಹುಡುಕಿ ಬೆಟ್ಟ ಸುತ್ತಿ ಬರುವಷ್ಟರಲ್ಲಿ ತಿಂದದ್ದನ್ನು ನಡಿಗೆಯಲ್ಲೇ ಕರಗಿಸಿರುತ್ತದೆ. ಸಂಜೆಯ ಹಾಲು ಅಳೆದರೆ ತಿಳಿಯುತ್ತದೆ.

ಮೇವಿಲ್ಲದ ಸುಟ್ಟ ಕಾಡಿನಿಂದ ಆನೆಯೂ ಹೊರಗೆ ಬರುತ್ತದೆ, ಬಂದರೆ ಮೊದಲು ಸಿಗುವುದು ನಿಮ್ಮ ತೋಟ.

ಉಣ್ಣೆ ಸಾಯಲಿ ಎಂದು ಸುಡುವವರೂ ಇದ್ದಾರೆ. ದನದ ಮೈಯಿಂದ ಉದುರಿದ ಉಣ್ಣೆ ಕೊಟ್ಟಿಗೆಯ ಗೋಡೆಯ ಬಿರುಕು, ಗೊಂತಿನ ಸಂದುಗಳಲ್ಲಿಯೂ ಮೊಟ್ಟೆಯಿಡುತ್ತದೆ. ಕಾಡು ಸುಟ್ಟು ಕೊಟ್ಟಿಗೆ ಬಿಟ್ಟರೆ ಏನು ಫಲ? ವೈದ್ಯರು ಹೇಳಿದ ಔಷಧಿಯನ್ನು ಮೈಗೂ ಬಿರುಕಿಗೂ ಹೊಡೆಯಿರಿ, ಗೋಡೆಗೆ ಸುಣ್ಣ ಬಳಿಯಿರಿ.

ಸದಸ್ಯರು ಮಾಡಬೇಕಾದದ್ದು

ಹುಲ್ಲು ಹೂ ಬಿಡುವ ಹೊತ್ತಿಗೆ, ಅಂದರೆ ಅಕ್ಟೋಬರ್-ನವೆಂಬರಿನಲ್ಲಿ, ಕೊಯ್ದು ಒಣಗಿಸಿದರೆ ಅದರಲ್ಲಿ ಸತ್ವ ಇರುತ್ತದೆ. ಜನವರಿಗೆ ನಿಂತಲ್ಲೇ ಒಣಗಿದ್ದು ಬರೀ ನಾರು. ನಿಮ್ಮ ಬದು, ತೋಟ, ಗೋಮಾಳದ ಹುಲ್ಲನ್ನು ಆಗಲೇ ಕೊಯ್ದಿಟ್ಟುಕೊಳ್ಳಿ. ಬದುವಿನ ಹುಲ್ಲು ಮೆದೆ ಸೇರಿದರೆ ಬದು ಸುಡುವ ಪ್ರಮೇಯವೇ ಇಲ್ಲ. ರೇಷ್ಮೆ ಮನೆಯಿಂದ ಉಳಿಯುವ ಹಿಪ್ಪುನೇರಳೆ ಸೊಪ್ಪನ್ನೂ ತಿಪ್ಪೆಗೆ ಹಾಕಬೇಡಿ. ಒರಟು ಹುಲ್ಲಿದ್ದರೆ 100 ಕೆ.ಜಿ.ಗೆ 4 ಕೆ.ಜಿ. ಯೂರಿಯಾವನ್ನು ಸುಮಾರು 50 ಲೀಟರು ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ ಮುಚ್ಚಿ ಮೂರು ವಾರ ಬಿಡಿ. ತೆಗೆದ ಮೇಲೆ ಸ್ವಲ್ಪ ಹೊತ್ತು ಆರಲು ಬಿಟ್ಟು, ಮೊದಲು ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಸಿ. ಯೂರಿಯಾ ನೀರನ್ನು ರಾಸುಗಳು ಯಾವ ಕಾರಣಕ್ಕೂ ಕುಡಿಯಬಾರದು. ಆರು ತಿಂಗಳೊಳಗಿನ ಕರುಗಳಿಗೆ ಈ ಹುಲ್ಲು ಬೇಡ. ಮೊದಲ ಸಲ ಮಾಡುವವರು ಸಂಘದ ಮೂಲಕ ವಿಸ್ತರಣಾಧಿಕಾರಿಯನ್ನು ಕರೆಸಿ ಎದುರಿಗೇ ಮಾಡಿಸಿಕೊಳ್ಳುವುದು ಒಳ್ಳೆಯದು.

ಕಾನೂನಿನ ಎರಡು ಮಾತು. ರಾಷ್ಟ್ರೀಯ ಉದ್ಯಾನದೊಳಗೆ ದನ ಮೇಯಿಸಲು 1972ರ ವನ್ಯಜೀವಿ ಕಾಯ್ದೆಯಲ್ಲಿ ಅವಕಾಶವಿಲ್ಲ. ವನ್ಯಜೀವಿ ಧಾಮದೊಳಕ್ಕೆ ಲಸಿಕೆ ಹಾಕಿಸದ ರಾಸನ್ನು ಬಿಡುವಂತಿಲ್ಲ. ಧಾಮದ ಐದು ಕಿ.ಮೀ. ಒಳಗಿನ ಊರುಗಳ ರಾಸುಗಳಿಗೆ ಲಸಿಕೆ ಹಾಕಿಸುವ ಕ್ರಮ ಕೈಗೊಳ್ಳಬೇಕೆಂದು ಅದೇ ಕಾಯ್ದೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಹೊಣೆ ಹೊರಿಸಿದೆ. ಅಂದರೆ ಲಸಿಕೆ ಕೇಳುವುದು ನಿಮ್ಮ ಹಕ್ಕೂ ಹೌದು. ಕಾಲುಬಾಯಿ ಜ್ವರ ನಮ್ಮ ದನದಿಂದ ಕಾಡಿನ ಜಿಂಕೆಗೆ, ಕಾಟಿಗೆ ಹತ್ತಬಲ್ಲದು. ಕಾಡಿಗೆ ಬೆಂಕಿ ಇಡುವುದು, ಅಪಾಯವಾಗುವ ಹಾಗೆ ಉರಿ ಬಿಟ್ಟು ಬರುವುದು ಎರಡೂ ಅಪರಾಧ. "ಬೀಡಿ ಎಸೆದೆ ಅಷ್ಟೆ" ಎಂದರೆ ನಡೆಯದು.

ಮೆದೆಯ ವಿಷಯ. ಕಾಡಂಚಿನ ಊರುಗಳಲ್ಲಿ ಮೆದೆಯನ್ನು ಕೊಟ್ಟಿಗೆಗೆ ಒರಗಿಸಿ ಒಟ್ಟುವ ರೂಢಿ ಇದೆ, ಮಳೆಗಾಲಕ್ಕೆ ಅನುಕೂಲ ಎಂದು. ಬೇಸಿಗೆಯಲ್ಲಿ ಅದು ಕೊಟ್ಟಿಗೆಗೆ ಬತ್ತಿ ಇಟ್ಟ ಹಾಗೆ. ಒಂದೇ ದೊಡ್ಡ ಮೆದೆಯ ಬದಲು ಎರಡು ಚಿಕ್ಕವು ಮಾಡಿ, ನಡುವೆ ಜಾಗ ಬಿಡಿ. ಸುತ್ತಲೂ ಒಂದು ಗುದ್ದಲಿ ಅಗಲವಲ್ಲ, ನಾಲ್ಕೈದು ಮಾರು ಹುಲ್ಲು ಕೆರೆದು ಮಣ್ಣು ಕಾಣಿಸಿ. ಇದು ನಿಮ್ಮ ಮನೆಯ ಬೆಂಕಿ ರೇಖೆ. ಮೆದೆಯ ಮೇಲೆ ವಿದ್ಯುತ್ ತಂತಿ ಹಾದುಹೋಗದಂತೆ ನೋಡಿಕೊಳ್ಳಿ. ಬೇಸಿಗೆಯ ರಾತ್ರಿ ರಾಸುಗಳನ್ನು ಎಳೆದ ಕೂಡಲೇ ಬಿಚ್ಚುವ ಕುಣಿಕೆಯಲ್ಲಿ ಕಟ್ಟಿ, ಒಂದು ಕುಡುಗೋಲನ್ನು ಕೈಗೆಟಕುವ ಹಾಗೆ ಸಿಕ್ಕಿಸಿಡಿ. ರಾಸಿಗೆ ಸುಟ್ಟ ಗಾಯವಾದರೆ ತಣ್ಣೀರು ಹಾಕುತ್ತ ಪಶುವೈದ್ಯರನ್ನು ಕರೆಸಿ. ಶಾಯಿ, ಎಣ್ಣೆ, ಸಗಣಿ ಬಳಿಯಬೇಡಿ.

ಹೊಗೆ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ತುರ್ತು ಸಂಖ್ಯೆ 112ಕ್ಕೆ ಹೇಳಿ. ಅದಕ್ಕಿಂತ ಬೇಗ ಆಗುವುದು ನಿಮ್ಮ ಗಸ್ತಿನ ಗಾರ್ಡಿನ ಫೋನು. ಸಂಘದ ಕಾರ್ಯದರ್ಶಿಗಳು ಗಾರ್ಡು, ಫಾರೆಸ್ಟರು, ರೇಂಜರ ಕಚೇರಿ, ಮೂರೂ ಸಂಖ್ಯೆಗಳನ್ನು ಕೇಳಿ ತಂದು, ಹಾಲಿನ ದರಪಟ್ಟಿಯ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಬೇಕೆಂದು ಕೋರುತ್ತೇವೆ. ಹೇಳುವಾಗ ಜಾಗದ ಹೆಸರು, ಉರಿ ಏರುತ್ತಿದೆಯೋ ಇಳಿಯುತ್ತಿದೆಯೋ, ಗಾಳಿ ಯಾವ ಕಡೆಗೆ, ಈ ಮೂರನ್ನು ಹೇಳಿದರೆ ಸಾಕು. ಹೇಳಿದವನನ್ನೇ ಹಿಡಿದು ಕೇಳುತ್ತಾರೆ ಎಂಬ ಹೆದರಿಕೆ ಕೆಲವರಿಗಿದೆ. ಇದು ಸುಮ್ಮನೆ ಬಂದ ಹೆದರಿಕೆಯೂ ಅಲ್ಲ. ಆದ್ದರಿಂದ ಒಬ್ಬೊಬ್ಬರೇ ಮಾಡುವ ಬದಲು ಸಂಘದ ಮೂಲಕ ಸುದ್ದಿ ಮುಟ್ಟಿಸುವ ಪದ್ಧತಿ ಇಟ್ಟುಕೊಳ್ಳಬಹುದು. ಡಿಸೆಂಬರಿನ ಆಡಳಿತ ಮಂಡಳಿ ಸಭೆಗೆ ನಿಮ್ಮ ಫಾರೆಸ್ಟರನ್ನು ಕರೆದು ಈ ಮಾತನ್ನು ಎದುರಿಗೇ ಆಡಿರಿ.

ಅದೇ ಸಭೆಯಲ್ಲಿ ಇನ್ನೊಂದು ವಿಷಯವನ್ನೂ ಕೇಳಿರಿ. ಬೆಂಕಿ ಕಾವಲುಗಾರರನ್ನು ತೆಗೆದುಕೊಳ್ಳುವುದು ಜನವರಿಯ ಸುಮಾರಿಗೆ. ಬೆಟ್ಟದ ಹಳ್ಳ, ದಿಣ್ಣೆ, ಕಾಲುದಾರಿ ಬಲ್ಲ ಹುಡುಗರು ಅವರಿಗೆ ಬೇಕು, ನಮ್ಮ ಊರುಗಳಲ್ಲಿ ಅಂಥವರಿದ್ದಾರೆ. ಕೂಲಿ ಎಷ್ಟು, ಎಷ್ಟು ದಿನಕ್ಕೊಮ್ಮೆ ಕೈಗೆ ಬರುತ್ತದೆ, ಬೂಟು, ನೀರಿನ ಬಾಟಲಿ, ಊಟ ಕೊಡುತ್ತಾರೆಯೇ, ಪೆಟ್ಟಾದರೆ ವಿಮೆ ಇದೆಯೇ ಎಂದು ಸೇರುವ ಮೊದಲೇ ವಿಚಾರಿಸಿಕೊಳ್ಳಲಿ.